ಸಮಾಜದ ಜಮಾ-ಖರ್ಚು

ವರ್ಷ ಮುಗಿಯಿತೆಂದರೆ ಅಂಗಡಿಯವನು ಖಾತೆ ಪುಸ್ತಕ ಬಿಚ್ಚಿ ಕೂರುತ್ತಾನೆ. ಬಂದದ್ದೆಷ್ಟು, ಹೋದದ್ದೆಷ್ಟು, ಬಾಕಿ ಯಾರ ಮೇಲೆ? ನಮ್ಮ ಜಾತಿ ಸಂಘಗಳೂ ವರ್ಷಕ್ಕೊಮ್ಮೆ ಸಭೆ ಸೇರುತ್ತವೆ. ಹಾರ, ಶಾಲು, ಮಂತ್ರಿಗಳ ಭಾಷಣ, ಊಟ. ಕಳ್ಳಂಬೆಳ್ಳದ ಕೂಲಿಗಾರನೂ ಚಂದಾ ಕೊಡುತ್ತಾನೆ, ಅವನ ಧಣಿಯೂ ಕೊಡುತ್ತಾನೆ. ಧಣಿ ವೇದಿಕೆಯ ಮೇಲೆ, ಕೂಲಿಗಾರ ಕೊನೆಯ ಪಂಕ್ತಿಯಲ್ಲಿ. ಕೂಲಿಯ ಬಾಕಿ ಮಾತ್ರ ಆ ಲೆಕ್ಕದಲ್ಲಿ ಬರುವುದೇ ಇಲ್ಲ!

ವಿದ್ಯಾರ್ಥಿನಿಲಯ ಬೇಡವೆಂದು ನಾವು ಹೇಳುವುದಿಲ್ಲ. ಬಡವರ ಮಕ್ಕಳು ಅಲ್ಲಿ ಉಂಡು ಓದಿದ್ದಾರೆ. ಆದರೆ ಕೂಲಿಯ ಮಾತೆತ್ತಿದೊಡನೆ ಮುಖಂಡರು "ಸಮಾಜ ಒಡೆಯಬೇಡಿ" ಎನ್ನುತ್ತಾರೆ. ಅವರಿಗೆ ಬೇರೊಂದು ಸಮಾಜದ ಒಂದು ವರ್ಷದ ಲೆಕ್ಕ ತೋರಿಸುತ್ತೇವೆ.

ರಷ್ಯದ ಹಿಂಸೆಗೆ ಹೆದರಿ ನ್ಯೂಯಾರ್ಕ್ ಸೇರಿದ ಯಹೂದಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಬಟ್ಟೆ ಹೊಲಿದು ಬದುಕುತ್ತಿದ್ದರು. ಹೊಲಿಸುವ ಧಣಿಗಳಲ್ಲಿಯೂ ಅನೇಕರು ಯಹೂದಿಗಳೇ. 1909ರ ನವೆಂಬರ್ 22ರ ಸಭೆಯಲ್ಲಿ ಕ್ಲಾರಾ ಲೆಮ್ಲಿಕ್ ಎಂಬ ಹೊಲಿಗೆಯ ಯುವತಿ ಎದ್ದು ನಿಂತು, ತಮ್ಮ ಮನೆಮಾತಾದ ಯಿಡ್ಡಿಷ್‌ನಲ್ಲಿ ಮುಷ್ಕರಕ್ಕೆ ಕರೆಕೊಟ್ಟಳು. ಸುಮಾರು 20,000 ಮಂದಿ ಹೊರಬಂದರು. ಇಟಲಿಯ ಹೆಣ್ಣುಮಕ್ಕಳೂ ಜೊತೆಗೂಡಿದರು. 1910ರ ಫೆಬ್ರವರಿ ವೇಳೆಗೆ ಬಹುಪಾಲು ಕಾರ್ಖಾನೆಗಳು ವಾರಕ್ಕೆ 52 ಗಂಟೆಯ ದುಡಿಮೆಗೆ ಒಪ್ಪಿದವು. ಆ ಜುಲೈನಲ್ಲಿ ಕೋಟು ಹೊಲಿಯುವವರು 50,000ಕ್ಕೂ ಹೆಚ್ಚು ಮಂದಿ ಎದ್ದರು, ಸೆಪ್ಟೆಂಬರಿನಲ್ಲಿ ಒಪ್ಪಂದ ಪಡೆದರು.

ಸಂಘಕ್ಕೆ ಮನ್ನಣೆ ಕೊಡದ ಕಾರ್ಖಾನೆಗಳಲ್ಲಿ ಟ್ರಯಾಂಗಲ್ ಒಂದು. 1911ರ ಮಾರ್ಚ್ 25ರಂದು ಅಲ್ಲಿ ಬೆಂಕಿ ಬಿತ್ತು. ಬಾಗಿಲಿಗೆ ಬೀಗವಿತ್ತು. ಸತ್ತವರು 146 ಮಂದಿ. ಅದರ ಮಾಲೀಕರಿಬ್ಬರೂ ಯಹೂದಿಗಳು. ಸತ್ತವರಲ್ಲಿಯೂ ಹೆಚ್ಚಿನವರು ಯಹೂದಿ ಹೆಣ್ಣುಮಕ್ಕಳು. ಸಮಾಜ ಒಡೆದವರು ಯಾರು? ಮುಷ್ಕರ ಹೂಡಿದವರೋ, ಬೀಗ ಜಡಿದವರೋ?

ಇದು ಪರದೇಶದ ಕಥೆ ಎನ್ನುವವರು ಸಾಗರ ತಾಲ್ಲೂಕಿನ ಕಾಗೋಡನ್ನು ನೆನೆಯಲಿ. ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುವ ಅನ್ಯಾಯದ ವಿರುದ್ಧ 1951ರಲ್ಲಿ ದೀವರ ಗೇಣಿದಾರರು ಎದ್ದರು. ಅವರು ಸ್ವಜಾತಿಯ ಸನ್ಮಾನ ಕೇಳಲಿಲ್ಲ, ನೆಟ್ಟಗಿನ ಅಳತೆ ಕೇಳಿದರು. ಆದ್ದರಿಂದಲೇ ಗೋಪಾಲಗೌಡರೂ ಸಮಾಜವಾದಿಗಳೂ ಜೊತೆ ನಿಂತರು. ಲೋಹಿಯಾ ಬಂದು ಸೆರೆಯಾದರು. ಒಂದು ಸಮುದಾಯದ ಸಂಕಟ ನಾಡಿನ ಪ್ರಶ್ನೆಯಾಯಿತು. ಉಳುವವನಿಗೆ ಭೂಮಿ ಕೊಡುವ ತಿದ್ದುಪಡಿ ಬರಲು 1974ರವರೆಗೆ ಕಾಯಬೇಕಾಯಿತು, ನಿಜ. ಆದರೆ ಬಿತ್ತಿದ್ದು ಆ ವರ್ಷ.

ದಿನಕ್ಕೆ 12 ಗಂಟೆ ದುಡಿಸಲು ದಾರಿಮಾಡುವ ಕಾರ್ಖಾನೆ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರಲ್ಲಿ ಅಂಗೀಕರಿಸಿತು. ಅಂದು ನಿಮ್ಮ ಜಾತಿ ಸಂಘ ಒಂದು ಠರಾವನ್ನಾದರೂ ಮಾಡಿತೆ? ಬಂಧುಗಳೇ, ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ಕೇಳಿ: ನಮ್ಮವರೇ ಆದ ಧಣಿಗಳಲ್ಲಿ ಕನಿಷ್ಠ ಕೂಲಿ ಕೊಡುವವರೆಷ್ಟು? ಸಣ್ಣ ಅಂಗಡಿಯವನಿಗೆ ನಮ್ಮವರೇ ಹಾಕುವ ಬಡ್ಡಿ ಎಷ್ಟು? ಪಕ್ಕದ ಕೇರಿಯವನ ಕೂಲಿಗಾಗಿ ನಾವು ಎಷ್ಟು ದಿನ ಬೀದಿಗಿಳಿದೆವು? ಉತ್ತರ ಬರುವವರೆಗೆ ಕೂರಬೇಡಿ. ಊಟ ಆರಿದರೂ ಚಿಂತೆಯಿಲ್ಲ, ಮೊದಲು ಲೆಕ್ಕ ಒಪ್ಪಿಸಲಿ.