ಅವ್ವನ ಕೂಲಿಯಲ್ಲಿ ಅಳೆದ ಸಂಬಳ

ಮೊದಲ ಸಂಬಳದ ದಿನ ಖುಷಿಯೋ ಖುಷಿ ಎಂದು ಎಲ್ಲರೂ ಹೇಳಿದ್ದರು. ನನಗಾಗಿದ್ದು ಕಸಿವಿಸಿ. 2024ರ ಜುಲೈ ಕೊನೆಯ ದಿನ ಮೊಬೈಲ್‌ಗೆ ಬಂದ ಸಂದೇಶದಲ್ಲಿ 34,600 ರೂಪಾಯಿ ಜಮೆಯಾಗಿದೆ ಎಂದಿತ್ತು. ಆ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ಅವ್ವ ಬದು ಹಾಕುವ, ಹೊಂಡ ತೋಡುವ ಕೆಲಸಕ್ಕೆ ಹೋಗುತ್ತಿದ್ದಳು. ಆಗ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸವಿತ್ತು. ನೂರು ದಿನವೂ ಪೂರ್ತಿ ಸಿಕ್ಕರೆ 34,900. ಅವ್ವ ನೂರು ದಿನ ಬಿಸಿಲಲ್ಲಿ ಮಣ್ಣು ಹೊತ್ತರೆ ಬರುವಷ್ಟು ದುಡ್ಡು ನನಗೆ ಎ.ಸಿ. ಕೋಣೆಯಲ್ಲಿ ಕೂತು ಒಂದೇ ತಿಂಗಳಿಗೆ ಬಂದಿತ್ತು.

ಅವತ್ತಿನಿಂದ ಒಂದು ಚಾಳಿ ಅಂಟಿಕೊಂಡಿತು. ಏನು ಕೊಳ್ಳಲು ಹೋದರೂ ಅದರ ಬೆಲೆಯನ್ನು ಅವ್ವನ ಕೂಲಿಯಿಂದ ಭಾಗಿಸುವುದು. ಮಳೆ ಬಂತೆಂದು ಹಿಡಿದ ಆಟೊ ಅರ್ಧ ದಿನ. ಗೆಳತಿಯರ ಜೊತೆ ತಿಂದ ಬಿರಿಯಾನಿ ಮುಕ್ಕಾಲು ದಿನ. ಅಂಗಡಿಯಲ್ಲಿ ಕಾಲಿಗೆ ಹಾಕಿ ನೋಡಿದ 1,400 ರೂಪಾಯಿಯ ಶೂ ನಾಲ್ಕು ದಿನ. ಶೂ ಅಲ್ಲೇ ಬಿಟ್ಟು ಬಂದೆ. ಸವೆದ ಚಪ್ಪಲಿಯಲ್ಲೇ ಆ ಮಳೆಗಾಲ ಕಳೆದೆ. ಅಪ್ಪಿತಪ್ಪಿ ಏನಾದರೂ ಕೊಂಡರೆ ಊರಿಗೆ ಫೋನ್ ಮಾಡಿದಾಗ ಬೆಲೆಯನ್ನು ಸುಳ್ಳೇ ಅರ್ಧಕ್ಕಿಳಿಸಿ ಹೇಳುತ್ತಿದ್ದೆ. ಇದನ್ನೆಲ್ಲ ನಾನು ಸರಳತೆ ಎಂದುಕೊಂಡಿದ್ದೆ. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ಈ ಪುಟ ಓದುವ ಎಷ್ಟೋ ಮಂದಿ ನನ್ನ ಹಾಗೆ ಮನೆಯಲ್ಲಿ ತಿಂಗಳ ಸಂಬಳ ಕಾಣುವ ಮೊದಲಿಗರಿರಬಹುದು, ಅಥವಾ ನಾಳೆ ಆಗುವವರಿರಬಹುದು. ನಿಮಗೂ ಈ ಪಾಪಪ್ರಜ್ಞೆ ಕಾಡೀತು. ಅದು ಒಳ್ಳೆಯತನದ ವೇಷ ಹಾಕಿಕೊಂಡೇ ಬರುತ್ತದೆ. ಅದಕ್ಕೇ ಎಚ್ಚರ ಬೇಕು ಎನ್ನುವುದು ನನ್ನ ಅನುಭವದ ಮಾತು.

ದುಡ್ಡಿನ ಬಗ್ಗೆ ಅಳುಕಿರುವವರು ದುಡ್ಡು ಉಳಿಸುತ್ತಾರೆ ಎಂದುಕೊಳ್ಳಬೇಡಿ. ನನ್ನ ವಿಷಯದಲ್ಲಿ ಆಗಿದ್ದು ತದ್ವಿರುದ್ಧ. ಖಾತೆಯಲ್ಲಿ ದುಡ್ಡಿದ್ದರೆ ಸೆರಗಿನಲ್ಲಿ ಕೆಂಡ ಕಟ್ಟಿಕೊಂಡಂತೆ ಅನಿಸುತ್ತಿತ್ತು. ಯಾರು ಕೇಳಿದರೂ ಕೊಟ್ಟುಬಿಡುತ್ತಿದ್ದೆ. ದೊಡ್ಡಪ್ಪನ ಮಗ ಕೇಳಿದ 20 ಸಾವಿರ ಕೊಟ್ಟೆ, ಇವತ್ತಿಗೂ ವಾಪಸ್ ಬಂದಿಲ್ಲ. ಕೆಲಸ ಹುಡುಕುತ್ತಿದ್ದ ಗೆಳತಿಯರ ಜೊತೆ ಹೋದಾಗಲೆಲ್ಲ ಬಿಲ್ ನನ್ನದೇ. ಮನೆಗೆ ಯಾರೂ ಕೇಳದ ದೊಡ್ಡ ಟಿ.ವಿ.ಯನ್ನು ಕಂತಿನಲ್ಲಿ ಕಳಿಸಿದೆ. ‘ಇಲ್ಲ’ ಎನ್ನಲು ಬಾಯೇ ಬರುತ್ತಿರಲಿಲ್ಲ. ನನ್ನ ಹತ್ತಿರ ಇರುವುದೇ ತಪ್ಪು ಎಂದುಕೊಂಡವಳಿಗೆ, ಖಾಲಿ ಮಾಡಿದರೆ ಆ ತಪ್ಪು ತೊಳೆದುಹೋದೀತು ಎಂಬ ಆಸೆ.

ವರ್ಷ ತುಂಬಿದಾಗ ಮ್ಯಾನೇಜರ್ ಕರೆದು, ಎಷ್ಟು ಹೆಚ್ಚಳ ನಿರೀಕ್ಷಿಸುತ್ತೀರಿ ಎಂದು ಕೇಳಿದರು. ‘ನೀವು ಕೊಟ್ಟಷ್ಟು ಸರ್’ ಎಂದೆ. ಅವರು ಕೊಟ್ಟಷ್ಟೇ ಕೊಟ್ಟರು. ಅದೇ ಕೆಲಸ ಮಾಡುವ ಪಕ್ಕದ ಸೀಟಿನವನು ಬಾಯಿಬಿಟ್ಟು ಕೇಳಿದ, ಅವನಿಗೆ ನನಗಿಂತ ಹೆಚ್ಚು ಸಿಕ್ಕಿತು.

ಅದೇ ಹೊತ್ತಿಗೆ ತಮ್ಮನಿಗೆ ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಸೀಟು ಸಿಕ್ಕಿತು. ಮೂರು ದಿನದೊಳಗೆ 25 ಸಾವಿರ ಕಟ್ಟಬೇಕಿತ್ತು. ಅವ್ವ ಫೋನ್ ಮಾಡಿದಾಗ ನನ್ನ ಖಾತೆಯಲ್ಲಿದ್ದದ್ದು 2,100 ರೂಪಾಯಿ. ‘ಎರಡು ದಿನ ತಡಿ ಯವ್ವಾ, ನೋಡ್ತೀನಿ’ ಎಂದೆ. ಮೂರನೇ ದಿನ ಅವಳೇ ಫೋನ್ ಮಾಡಿ, ‘ಬಿಡು, ಸಂಘದಾಗ ತಗೊಂಡೀನಿ’ ಎಂದಳು. ದುಡಿಯುವ ಮಗಳಿದ್ದೂ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದಿದ್ದಳು. ಅವಳ ಒಂದೊಂದು ದಿನದ ಕೂಲಿಗೂ ಲೆಕ್ಕ ಹಾಕುತ್ತಿದ್ದ ನಾನು, ಅವಳ ಎಪ್ಪತ್ತು ದಿನದ ಕೂಲಿಯಷ್ಟು ಸಾಲ ಅವಳ ತಲೆಗೆ ಬರುವಂತೆ ಮಾಡಿದ್ದೆ.

ಮುಂದಿನ ವಾರ ಊರಿಗೆ ಹೋಗಿ ಎಲ್ಲ ಹೇಳಿಕೊಂಡೆ. ಶೂ, ಆಟೊ, ಬಿರಿಯಾನಿ, ದಿನಗೂಲಿಯ ಲೆಕ್ಕ ಎಲ್ಲವನ್ನೂ. ಅವ್ವ ಮೊದಲು ನಕ್ಕಳು. ಆಮೇಲೆ, ‘ನಾ ಹೊತ್ತ ಬುಟ್ಟಿ ಇಳಿಸಿ ಮನಿಗೆ ಬಂದೀನಿ. ನೀ ಯಾಕ ಅದನ್ನ ಹೊತ್ಕೊಂಡು ಬೆಂಗಳೂರಾಗ ತಿರಗತಿ?’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಟಿ.ವಿ. ಯಾರು ಕೇಳಿದ್ರು ನಿನಗ?’ ಎಂದಳು.

ಆ ರಾತ್ರಿ ನನಗೆ ಎರಡು ಸಂಗತಿ ಸ್ಪಷ್ಟವಾದವು. ಒಂದು, ಅವ್ವನ ಬೆವರಿಗೆ ಬೆಲೆ ಕಡಿಮೆ ಎನ್ನುವುದು ಅನ್ಯಾಯವೇ. ಆದರೆ ನನ್ನ ಚಪ್ಪಲಿ ಸವೆದರೆ ಆ ಅನ್ಯಾಯ ಸರಿಹೋಗುವುದಿಲ್ಲ. 2025ರ ಏಪ್ರಿಲ್‌ನಿಂದ ಕೂಲಿ 370 ರೂಪಾಯಿ ಆಯಿತು. ಅದು ನಾನು ಶೂ ಬಿಟ್ಟು ಬಂದದ್ದಕ್ಕೆ ಆದದ್ದಲ್ಲ. ಎರಡು, ಅಪ್ಪ ಅವ್ವನದು ಋಣ, ಸಾಲವಲ್ಲ. ಸಾಲಕ್ಕೆ ಕಂತಿದೆ, ಕಟ್ಟಿದರೆ ತೀರುತ್ತದೆ. ಋಣ ತೀರುವಂಥದ್ದಲ್ಲ. ತೀರದ್ದನ್ನು ತೀರಿಸಲು ಹೋಗಿ ನಾನು ಟಿ.ವಿ. ಕೊಂಡಿದ್ದೆ.

ದುಡ್ಡಿನ ಮಾತು ಬಂದರೆ ನಮ್ಮ ಕಡೆ ಪ್ರವಚನಗಳಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಬರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮ ಅದನ್ನು ಸುರಿದು ಬಾ ಎಂದು ವಾಪಸ್ ಕಳಿಸುತ್ತಾಳೆ. ಚಿಕ್ಕಂದಿನಿಂದ ಇದನ್ನು ಕೇಳಿ, ಹೆಚ್ಚು ಗಳಿಸುವುದೇ ಪಾಪ ಎಂದು ನಾನು ತಿಳಿದಿದ್ದೆ. ಈಗ ಬೇರೆಯದೇ ಕಾಣುತ್ತದೆ. ಲಕ್ಕಮ್ಮ ಅಕ್ಕಿಯನ್ನು ಹೀಗಳೆಯಲಿಲ್ಲ. ಅದೇ ಅಕ್ಕಿಯಲ್ಲಿ ಅವರ ಮನೆಯ ದಾಸೋಹ ನಡೆಯುತ್ತಿತ್ತು. ‘ಇದು ಹೆಚ್ಚು’ ಎಂದು ಅವಳು ಹೇಳಲು ಸಾಧ್ಯವಾದದ್ದು ತಮಗೆ ಬೇಕಾದ್ದು ಎಷ್ಟು ಎಂಬುದು ಅವಳಿಗೆ ಗೊತ್ತಿದ್ದರಿಂದ. ನನಗೆ ಅದೇ ಗೊತ್ತಿರಲಿಲ್ಲ. ನನ್ನ ಹತ್ತಿರ ಅಳುಕಿತ್ತು, ಲೆಕ್ಕವಿರಲಿಲ್ಲ.

ಹಾಗಾಗಿ ಅವ್ವ, ತಮ್ಮನನ್ನು ಕೂರಿಸಿಕೊಂಡು ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಈಗ ಕೈಗೆ ಬರುವುದು 36,500. ಸಂಬಳ ಬಂದ ಮರುದಿನ ಮನೆಗೆ 10 ಸಾವಿರ. ಸಂಘದ ಕಂತು ಅದರಲ್ಲೇ. ತಮ್ಮನ ಮುಂದಿನ ವರ್ಷದ ಫೀಸಿಗೆ ತಿಂಗಳಿಗೆ 3 ಸಾವಿರ ಬೇರೆ ತೆಗೆದಿಡುವುದು. ಪಿ.ಜಿ., ಊಟ, ಬಸ್ಸಿಗೆ 13 ಸಾವಿರ. 5 ಸಾವಿರ ಆರ್.ಡಿ.ಗೆ. ಮೂರು ತಿಂಗಳ ಖರ್ಚಿನಷ್ಟು ಕೂಡುವವರೆಗೆ ಅದನ್ನು ಮುಟ್ಟುವಂತಿಲ್ಲ. ಟಿ.ವಿ. ಕಂತು ಕಳೆದು ಉಳಿದದ್ದು ನನ್ನದು. ಅದಕ್ಕೆ ಯಾರಿಗೂ ವಿವರ ಕೊಡಬೇಕಿಲ್ಲ, ನನ್ನ ಮನಸ್ಸಿಗೂ. ಯಾರಾದರೂ ಕೈಗಡ ಕೇಳಿದರೆ ಆ ಉಳಿದದ್ದರಲ್ಲೇ, ವಾಪಸ್ ಬರದಿದ್ದರೂ ಸಂಬಂಧ ಕೆಡದಷ್ಟು ಮಾತ್ರ. ಅದಕ್ಕಿಂತ ಹೆಚ್ಚು ಕೇಳಿದರೆ ‘ಈ ತಿಂಗಳದ್ದು ಎಲ್ಲದಕ್ಕೂ ಹಂಚಿಹೋಗಿದೆ’ ಎನ್ನುತ್ತೇನೆ. ಅದು ಸುಳ್ಳಲ್ಲವಾದ್ದರಿಂದ ಹೇಳಲು ಕಷ್ಟವಾಗುವುದಿಲ್ಲ.

ಕೆಲಸ ಹುಡುಕುತ್ತಿರುವವರಿಗೆ ಒಂದು ಮಾತು. ಸಂದರ್ಶನದಲ್ಲಿ ಸಂಬಳ ಎಷ್ಟು ಬೇಕು ಎಂದು ಕೇಳಿದಾಗ ‘ನೀವು ಕೊಟ್ಟಷ್ಟು’ ಎನ್ನುವುದು ವಿನಯವಲ್ಲ. ಸಂತೆಯಲ್ಲಿ ಒಂದೇ ಬುಟ್ಟಿ ಬದನೆಕಾಯಿ ಇಟ್ಟುಕೊಂಡು ಕೂತರೂ ನಮ್ಮಪ್ಪ ತಾನೇ ಮೊದಲು ಬೆಲೆ ಹೇಳುತ್ತಾನೆ. ಗಿರಾಕಿ ಇಳಿಸಿ ಕೇಳಬಹುದು, ಅದು ಅವರಿಷ್ಟ. ಆ ಕೆಲಸಕ್ಕೆ ಬೇರೆ ಕಡೆ ಎಷ್ಟು ಕೊಡುತ್ತಾರೆ ಎಂದು ಸೀನಿಯರ್‌ಗಳನ್ನು ವಿಚಾರಿಸಿ, ಒಂದು ಮೊತ್ತ ಹೇಳಿ ಸುಮ್ಮನಿರಿ. ಪಿ.ಎಫ್. ಕಡಿತವೆಂದು ಬೇಸರ ಬೇಡ. ಮೂಲ ವೇತನದ ಶೇ 12ರಷ್ಟು ನಿಮ್ಮ ಪಾಲು, ಅಷ್ಟನ್ನೇ ಕಂಪನಿಯೂ ಹಾಕುತ್ತದೆ. ದುಡಿದಿದ್ದಕ್ಕೆ ಬರುವುದನ್ನು ಕೇಳುವುದು ದುರಾಸೆಯಲ್ಲ.

ಹಾಗೆಂದು ಅವ್ವನ ಕೂಲಿಯನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ. ಆದರೆ ಅದು ನೆನಪಾಗಬೇಕಾದದ್ದು ಬೇರೆ ಕಡೆ. ತಳ್ಳುಗಾಡಿಯವರ ಹತ್ತಿರ ಐದು ರೂಪಾಯಿಗೆ ಚೌಕಾಸಿಗೆ ಇಳಿದಾಗ. ‘ಕೂಲಿಯವರಿಗೆ ಅಷ್ಟೊಂದು ಯಾಕೆ ಕೊಡಬೇಕು’ ಎಂದು ಆಫೀಸಿನ ಊಟದ ಮೇಜಿನಲ್ಲಿ ಯಾರಾದರೂ ಅಂದಾಗ. ಅಲ್ಲಿ ಬಾಯಿ ತೆರೆಯಬೇಕು. ಮೊದಲು ಅಲ್ಲಿ ಸುಮ್ಮನಿದ್ದು, ಶೂ ಅಂಗಡಿಯಲ್ಲಿ ಮಾತ್ರ ಅವ್ವನನ್ನು ನೆನೆಯುತ್ತಿದ್ದೆ.

ಕಳೆದ ದೀಪಾವಳಿಗೆ ಅಂಥದ್ದೇ ಶೂ ಕೊಂಡು, ಹಾಕಿಕೊಂಡೇ ಊರಿಗೆ ಹೋದೆ. ಹೊಸ್ತಿಲಲ್ಲಿ ಅವ್ವ ನೋಡಿ, ‘ಎಷ್ಟು ಕೊಟ್ಟಿ?’ ಎಂದಳು. ಎಂದಿನಂತೆ ಅರ್ಧ ಬೆಲೆ ನಾಲಿಗೆ ತುದಿಗೆ ಬಂದಿತ್ತು.

‘ಸಾವಿರದ ನಾನೂರು’ ಎಂದೆ.

‘ತುಟ್ಟಿ ಆತು’ ಎಂದಳು. ಆಮೇಲೆ ಅವನ್ನು ಎತ್ತಿ, ಒಳಗೆ ಕಟ್ಟೆಯ ಮೇಲೆ ನೀರು ಬೀಳದ ಕಡೆ ಇಟ್ಟಳು.