ಇನ್ಶೂರೆನ್ಸ್ ಇರುವುದು ಪೊಲೀಸರಿಗೆ ತೋರಿಸಲಿಕ್ಕಲ್ಲ

‘ಬೈಕಿಗೆ ಇನ್ಶೂರೆನ್ಸ್ ಯಾಕೆ ಮಾಡಿಸ್ತೀಯ?’ ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಯಾರನ್ನೇ ಕೇಳಿದರೂ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಪೊಲೀಸ್ ಹಿಡಿದ್ರೆ ತೋರಿಸೋಕೆ ಬೇಕಲ್ಲ ಮಗಾ!’ ವಿಮೆ ಇಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ. ನಮ್ಮ ಭಯವೆಲ್ಲ ಆ ಎರಡು ಸಾವಿರಕ್ಕೇ ಮುಗಿದುಹೋಗುತ್ತದೆ. ಆದರೆ ಲೆಕ್ಕ ಅಷ್ಟಕ್ಕೇ ನಿಲ್ಲುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಒಪ್ಪಂದದಲ್ಲಿ ವಾಹನದ ಮಾಲೀಕ ಒಂದನೇ ವ್ಯಕ್ತಿ, ವಿಮಾ ಕಂಪನಿ ಎರಡನೆಯದು. ನಮ್ಮ ಗಾಡಿಯಿಂದ ಪೆಟ್ಟು ತಿಂದ ಪಾದಚಾರಿ, ಸೈಕಲ್ ಸವಾರ, ಎದುರು ವಾಹನದವರು ಮೂರನೇ ವ್ಯಕ್ತಿ. ಹಣ ಕಟ್ಟುವವರು ನಾವು, ಪರಿಹಾರ ಸಿಗುವುದು ಅವರಿಗೆ. ನಮ್ಮ ಬೈಕಿನ ಮುರಿದ ಹೆಡ್‌ಲೈಟಿಗೆ ಇದರಲ್ಲಿ ಒಂದು ಪೈಸೆಯೂ ಬರುವುದಿಲ್ಲ. ‘ಹಾಗಾದ್ರೆ ನನಗೇನು ಲಾಭ?’ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನಗೆ ಲೆಕ್ಕ ಹಾಕಿದರೇ ಸಮಾಧಾನ. ತಿಂಗಳಿಗೆ 20 ಸಾವಿರ ದುಡಿಯುವ, ಮದುವೆಯಾಗದ 22ರ ಯುವಕ ನಮ್ಮ ಬೈಕಿಗೆ ಸಿಕ್ಕಿ ತೀರಿಕೊಂಡ ಎಂದುಕೊಳ್ಳಿ. ಪರಿಹಾರ ಲೆಕ್ಕ ಹಾಕುವ ಸೂತ್ರವನ್ನು ಸುಪ್ರೀಂ ಕೋರ್ಟ್ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಹೇಳಿದೆ. ಕಾಯಂ ನೌಕರಿ ಇಲ್ಲದಿದ್ದರೂ ಮುಂದೆ ಆದಾಯ ಹೆಚ್ಚುತ್ತಿತ್ತೆಂದು ಶೇ 40ರಷ್ಟು ಸೇರಿಸಬೇಕು. ಆಗ ತಿಂಗಳಿಗೆ 28 ಸಾವಿರ, ವರ್ಷಕ್ಕೆ 3.36 ಲಕ್ಷ. ಅವಿವಾಹಿತನಾದ್ದರಿಂದ ಅವನ ಸ್ವಂತ ಖರ್ಚೆಂದು ಅರ್ಧ ಕಳೆದರೆ 1.68 ಲಕ್ಷ. ಆ ವಯಸ್ಸಿಗೆ ಗುಣಕ 18. ಒಟ್ಟು 30.24 ಲಕ್ಷ ರೂಪಾಯಿ! ಅಂತ್ಯಕ್ರಿಯೆ ಮುಂತಾದ ವೆಚ್ಚ ಬೇರೆ.

ಈಗ ಇನ್ನೊಂದು ಬದಿ ನೋಡಿ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 75ರಿಂದ 150 ಸಿಸಿ ಬೈಕಿನ ಒಂದು ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ತೆರಿಗೆ ಪ್ರತ್ಯೇಕ. ದರ ನಿಗದಿ ಮಾಡುವುದು ಸರ್ಕಾರ. ಹಾಗಾಗಿ ಚೌಕಾಸಿಗೆ ಅವಕಾಶವೂ ಇಲ್ಲ, ಮೋಸ ಹೋಗುವ ಭಯವೂ ಇಲ್ಲ. ಸಾವು ಮತ್ತು ಗಾಯದ ಪ್ರಕರಣದಲ್ಲಿ ಕಂಪನಿಯ ಹೊಣೆಗೆ ಮೇಲ್ಮಿತಿ ಇಲ್ಲ. ನ್ಯಾಯಮಂಡಳಿ ಎಷ್ಟು ಹೇಳುತ್ತದೋ ಅಷ್ಟು. ವಿಮೆ ಇಲ್ಲದಿದ್ದರೆ ಆ 30 ಲಕ್ಷ ಯಾರ ಹೆಗಲಿಗೆ? ಆರ್‌ಸಿಯಲ್ಲಿ ಹೆಸರಿರುವವರ ಹೆಗಲಿಗೆ. ನಮ್ಮಲ್ಲಿ ಹೆಚ್ಚಿನವರ ಆರ್‌ಸಿಯಲ್ಲಿರುವುದು ಅಪ್ಪನ ಹೆಸರು. ಅಪ್ಪನ ಬಳಿ ಇಲ್ಲದಿದ್ದರೆ ನಷ್ಟ ಮಗನನ್ನು ಕಳೆದುಕೊಂಡ ಆ ಮನೆಯವರಿಗೇ. ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದ್ದು ಇದನ್ನು ತಪ್ಪಿಸಲಿಕ್ಕೆ.

ಸುಪ್ರೀಂ ಕೋರ್ಟ್ ಸೂಚನೆಯಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಮಾಡಿಸಬೇಕು. ಒಳ್ಳೆಯ ಕ್ರಮವೇ. ಆದರೆ ಐದು ವರ್ಷ ನೆಮ್ಮದಿಯಾಗಿ ಮರೆತವರಿಗೆ ಆರನೇ ವರ್ಷ ನೆನಪಾಗುವುದಿಲ್ಲ. ಅಣ್ಣನ ಹಳೆ ಬೈಕ್ ತಮ್ಮನ ಕೈಗೆ, ಸೀನಿಯರ್ ಬೈಕ್ ಜೂನಿಯರ್ ಕೈಗೆ ಬರುವುದೂ ಹೆಚ್ಚಾಗಿ ಇದೇ ಹೊತ್ತಿಗೆ. ಮಾರಿದ ಮೇಲೂ ಆರ್‌ಸಿ ವರ್ಗಾವಣೆ ಆಗದಿದ್ದರೆ ಹೊಣೆ ಹಳೆ ಮಾಲೀಕನದೇ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಡಿಎಲ್ ಇಲ್ಲದ ಗೆಳೆಯನಿಗೆ ಬೈಕ್ ಕೊಟ್ಟರೆ? ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡುವಂತೆ ನ್ಯಾಯಾಲಯ ಆದೇಶಿಸಬಹುದು. ನೊಂದವರಿಗೆ ಇದು ನ್ಯಾಯ, ಬೈಕ್ ಕೊಟ್ಟವನಿಗೆ ಪಾಠ.

ನನಗೆ ಒಪ್ಪಿಗೆಯಾಗದ ಸಂಗತಿ ಒಂದಿದೆ. ನಮ್ಮ ಬೈಕಿನ ಹಿಂದೆ ಕೂತ ಗೆಳೆಯ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ‘ಮೂರನೇ ವ್ಯಕ್ತಿ’ ಅಲ್ಲ! ಸುಪ್ರೀಂ ಕೋರ್ಟ್ 2006 ಮತ್ತು 2008ರ ತೀರ್ಪುಗಳಲ್ಲಿ ಹೀಗೇ ಹೇಳಿದೆ. ತಪ್ಪು ಎದುರು ವಾಹನದ್ದಾದರೆ ಅದರ ವಿಮೆಯಿಂದ ಅವನಿಗೆ ಪರಿಹಾರ ಸಿಗುತ್ತದೆ. ತಪ್ಪು ನಮ್ಮದೇ ಆದರೆ ಕಂಪನಿ ಕೈಚೆಲ್ಲಬಹುದು. ‘ಫುಲ್ ಇನ್ಶೂರೆನ್ಸ್’ ಎಂದು ಕರೆಯುವ ಸಮಗ್ರ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೂ ರಕ್ಷಣೆ ಇದೆ. ಹಿಂಬದಿ ಸವಾರನಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ ಸರ್ಕಾರ, ಕಡ್ಡಾಯ ವಿಮೆಯಲ್ಲಿ ಅವನನ್ನು ಹೊರಗಿಡುವುದು ಸರಿಯೇ? ಪ್ರೀಮಿಯಂ ಒಂದಿಷ್ಟು ಹೆಚ್ಚಾದರೂ ಸರಿ, ಈ ಕಂದಕ ಮುಚ್ಚಬೇಕು.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸಣ್ಣ ಕೆಲಸ. ಪಾಲಿಸಿ ತೆರೆದು ಮೂರು ಸಾಲು ಓದಿ: ಯಾರ ಹೆಸರಿನಲ್ಲಿದೆ, ಯಾವತ್ತು ಮುಗಿಯುತ್ತದೆ, ಹಿಂದೆ ಕೂತವರಿಗೆ ರಕ್ಷಣೆ ಇದೆಯೇ? ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಮುಂದಿನ ಡ್ರಾಪ್‌ಗೆ ಮುನ್ನ ಗೆಳೆಯನಿಗೂ ಅದನ್ನು ಹೇಳಿಬಿಡಿ.