ಚರ್ಮಕ್ಕೆ ಒಂದು ತಿಂಗಳು ಕೊಡಿ

ನಮ್ಮ ರಾಂಪುರದ ಹೆಂಗಸರ ಕೈ ನೋಡಿ ಅವರ ದಿನಚರಿ ಹೇಳಲು ಜ್ಯೋತಿಷ್ಯ ಬಲ್ಲವರೇ ಆಗಬೇಕಿಲ್ಲ. ಸೋಪಿನ ಪುಡಿಗೆ ಬಿಳಿಚಿಕೊಂಡ ಬೆರಳು, ಹುಣಿಸೆಹಣ್ಣು ಬಿಡಿಸಿ ಕಪ್ಪಾದ ಉಗುರು, ಕಡಲೆಕಾಯಿ ಸುಲಿದು ಒರಟಾದ ಹೆಬ್ಬೆಟ್ಟು. ಸಾಲದ್ದಕ್ಕೆ ಮೊಳಕಾಲ್ಮುರು, ಚಳ್ಳಕೆರೆ ಸೀಮೆಯ ಹವೆ. ರಾಜ್ಯದಲ್ಲಿ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ನಮ್ಮವೂ ಇವೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ನೊರೆ ಬರಲಿಲ್ಲವೆಂದು ಇನ್ನಷ್ಟು ತಿಕ್ಕುತ್ತೇವೆ. ದೀಪಾವಳಿಯ ಒಣಗಾಳಿಗೆ ಶುರುವಾದ ಬಿರುಕು ಶಿವರಾತ್ರಿಯಾದರೂ ಕೂಡುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ಆರೈಕೆ ಬೇಕು, ಅದಕ್ಕಿಂತ ಹೆಚ್ಚಾಗಿ ಕಾಲ ಬೇಕು. ಆ ಕಾಲವನ್ನು ಯಾರೂ ಕೊಡುತ್ತಿಲ್ಲವೆಂಬುದೇ ನನ್ನ ತಕರಾರು.

"ನಾಲ್ಕು ದಿನ ಹಚ್ಚಿದೆ ಮೇಡಂ, ಏನೂ ಪ್ರಯೋಜನವಾಗಲಿಲ್ಲ." ಟೀಚರುಗಳಿಂದ ಹಿಡಿದು ಬಿಸಿಯೂಟದ ಅಕ್ಕಂದಿರವರೆಗೆ ಎಲ್ಲರ ಬಾಯಲ್ಲೂ ಇದೇ ಮಾತು. ನಾಲ್ಕು ದಿನದಲ್ಲಿ ಏನಾಗಬೇಕಿತ್ತು? ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. ಗಾರೆ ಉದುರಿದರೆ ಒಳಗಿನ ನೀರು ಆವಿಯಾಗುತ್ತದೆ, ಹೊರಗಿನ ಸೋಪು, ಧೂಳು ಒಳಗೆ ಇಳಿಯುತ್ತವೆ. ತಳದಲ್ಲಿ ಹುಟ್ಟಿದ ಕೋಶ ಮೇಲೆ ಬಂದು ಉದುರಲು ಸುಮಾರು 28 ದಿನ ಬೇಕು. ನಮ್ಮಂಥ ಐವತ್ತು ದಾಟಿದವರಿಗೆ ಇನ್ನೂ ಹೆಚ್ಚು. ಮಾಯಿಶ್ಚರೈಸರ್ ಹಚ್ಚಿದ ಗಳಿಗೆಯಲ್ಲಿ ಬರುವ ಮೆದುವು ಮೇಲಿನ ಸಾರಣೆ ಮಾತ್ರ, ಸಂಜೆಗೆ ಹೋಗುತ್ತದೆ. ದಿನಕ್ಕೆರಡು ಸಲ ತಪ್ಪದೆ ಹಚ್ಚಿದರೆ ಒಣಚರ್ಮ ಎರಡು ವಾರದಲ್ಲಿ ತಕ್ಕಮಟ್ಟಿಗೆ ಸುಧಾರಿಸುತ್ತದೆ, ಗೋಡೆ ಗಟ್ಟಿಯಾಗಲು ತಿಂಗಳಾದರೂ ಹಿಡಿಯುತ್ತದೆ. ಇಸಬು ಇರುವವರ ಕೈ ಮೇಲ್ನೋಟಕ್ಕೆ ವಾಸಿಯಾದ ಮೇಲೂ ಒಳಗೆ ತಿಂಗಳುಗಟ್ಟಲೆ ನಾಜೂಕಾಗಿಯೇ ಇರುತ್ತದೆ. ಅಂಥವರು ಹಚ್ಚುವುದನ್ನು ನಿಲ್ಲಿಸುವಂತೆಯೇ ಇಲ್ಲ.

ಹಚ್ಚುವ ಅಳತೆಯಲ್ಲೂ ನಮ್ಮದು ಜಿಪುಣತನ. ಇಸಬಿನ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಕೊಡಬೇಕೆಂದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2007ರಲ್ಲೇ ಹೇಳಿತು. ನಾವು 50 ಗ್ರಾಮಿನ ಡಬ್ಬಿಯನ್ನು ಯುಗಾದಿಯಿಂದ ದಸರೆಯವರೆಗೆ ಎಳೆಯುತ್ತೇವೆ, ಆಮೇಲೆ ಡಬ್ಬಿಯನ್ನೇ ದೂರುತ್ತೇವೆ. ಗಂಡನ ಬೈಕಿಗೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗುತ್ತದೆ. ಹೆಂಡತಿಯ ಕೈಗೆ ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ತರುವಾಗ ಮಾತ್ರ "ಹೋದ ತಿಂಗಳು ತಂದಿದ್ದೆನಲ್ಲ" ಎಂಬ ಲೆಕ್ಕ. ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯ ಪಕ್ಕದಲ್ಲೇ ಇದ್ದು, ಹೆಂಗಸರ ಕೈಗೆ ಜಿಡ್ಡಿಲ್ಲವೆಂದರೆ ಏನು ಹೇಳೋಣ?

ಈ ಅವಸರವನ್ನೇ ನಂಬಿ ಒಂದು ವ್ಯಾಪಾರ ನಡೆದಿದೆ, ಅದರ ಮೇಲೆ ನನ್ನ ಸಿಟ್ಟು. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡೇ ಕೂರುತ್ತಿದ್ದಳು. ಕೆನ್ನೆ ಒಣಗಿ ಬಿಳಿ ಚಕ್ಕೆ ಎದ್ದಿತ್ತಂತೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಒಂದು ಟ್ಯೂಬ್ ಕೊಟ್ಟಿದ್ದರು. ಮೂರೇ ದಿನಕ್ಕೆ ಮುಖ ನುಣುಪಾಯಿತು, ಬೆಳ್ಳಗೂ ಆಯಿತು. ಮನೆಯವರೆಲ್ಲ ಹಿಗ್ಗಿದರು. ಆರು ತಿಂಗಳಲ್ಲಿ ಕೆನ್ನೆಯ ಮೇಲೆ ಕೆಂಪು ನರದ ಗೆರೆ, ಮೊಡವೆ, ಕೂದಲು. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಟ್ಯೂಬಿನಲ್ಲಿದ್ದದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ವಿಷವೆಂದು ನಾನು ಹೇಳುತ್ತಿಲ್ಲ. ಇಸಬು ಕೆರಳಿದಾಗ ಅದನ್ನು ಬರೀ ಎಣ್ಣೆ, ಜೆಲ್ಲಿ ತಣಿಸಲಾರವು. ವೈದ್ಯರು ಇಷ್ಟು ದಿನ, ಇಂಥ ಜಾಗಕ್ಕೆ ಎಂದು ಬರೆದುಕೊಟ್ಟರೆ ಅದು ಒಳ್ಳೆಯ ಔಷಧಿ. ಅದನ್ನೇ ಸೌಂದರ್ಯದ ಕ್ರೀಮಿನ ಹಾಗೆ ತಿಂಗಳುಗಟ್ಟಲೆ ಮುಖಕ್ಕೆ ಬಳಿದರೆ ಚರ್ಮ ತೆಳುವಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ಅಡಗಿ ಹುಳುಕಡ್ಡಿ ಮೈತುಂಬ ಹರಡುತ್ತದೆ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಔಷಧಿಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು ಪಟ್ಟಿಗೆ ಸೇರಿಸಿತು. ಆದರೆ "ಮೂರು ದಿನದಲ್ಲಿ ಹೋಗುವಂಥದ್ದು ಕೊಡಿ" ಎಂದು ನಾವೇ ಗಲ್ಲಾದ ಮುಂದೆ ನಿಂತರೆ ಕಾನೂನು ಬಂದು ಕೈ ಹಿಡಿಯುತ್ತದೆಯೇ?

ಈ ಮೂರು ದಿನದ ಲೆಕ್ಕ ಎಲ್ಲಿಂದ ಬಂತು? ಮದುವೆ ಮನೆಯಿಂದ. ಹೆಣ್ಣು ನೋಡಲು ಭಾನುವಾರ ಬರುತ್ತಾರೆ, ಗುರುವಾರ ಟ್ಯೂಬು ಬರುತ್ತದೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದುಹಾಕಿತು. ನಮ್ಮ ಬೀಗರ ಬಾಯಿಂದ ಇನ್ನೂ ಹೋಗಿಲ್ಲ. ಹುಡುಗಿಗೆ ಇಸಬು ಇದ್ದರಂತೂ ಮುಗಿಯಿತು, ಅಂಟುರೋಗವೆಂಬ ಗುಸುಗುಸು. ಇಸಬು ಅಂಟುವುದಿಲ್ಲ. ತಾಯಿ ಬಸುರಿಯಲ್ಲಿ ಬದನೆಕಾಯಿ ತಿಂದ ನಂಜೂ ಅಲ್ಲ. ಕೆಲವರಲ್ಲಿ ಚರ್ಮದ ಗೋಡೆ ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನೇ ದುರ್ಬಲವಾಗಿರುತ್ತದೆಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಜೀನು ತಂದೆಯ ಕಡೆಯಿಂದಲೂ ಬರುತ್ತದೆ ಎಂಬುದನ್ನು ಅತ್ತೆಯಂದಿರು ಗಮನಿಸಬೇಕು.

"ನಮ್ಮಜ್ಜಿ ಯಾವ ಕ್ರೀಮ್ ಹಚ್ಚಿದ್ದಳು?" ಎನ್ನುವವರಿದ್ದಾರೆ. ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ನಾಲ್ಕು ದಿನಕ್ಕೆ ಬಿಡುತ್ತಿರಲಿಲ್ಲ. ಫಿಲಿಪ್ಪೀನ್ಸ್ ದೇಶದಲ್ಲಿ ಇಸಬಿದ್ದ 117 ಮಕ್ಕಳ ಮೇಲೆ ಪರೀಕ್ಷೆ ಮಾಡಿದಾಗ ಶುದ್ಧ ಕೊಬ್ಬರಿ ಎಣ್ಣೆ, ಖನಿಜ ತೈಲಕ್ಕಿಂತ ಹೆಚ್ಚು ಗುಣ ಕೊಟ್ಟಿತು. ಆ ಪರೀಕ್ಷೆ ನಡೆದದ್ದು ಎಂಟು ವಾರ. ಹಾಗೆಂದು ಮನೆಯಲ್ಲಿರುವ ಎಲ್ಲ ಎಣ್ಣೆಯೂ ಆಗಿಬರುವುದಿಲ್ಲ. ಸಾಸಿವೆ ಎಣ್ಣೆ, ಆಲಿವ್ ಎಣ್ಣೆ ಚರ್ಮದ ಗೋಡೆಯನ್ನೇ ಸಡಿಲಿಸಬಲ್ಲವು. ಬಿರಿದ ಚರ್ಮದ ಕೂಸಿಗೆ ಕಡಲೆಕಾಯಿ ಎಣ್ಣೆ ತಿಕ್ಕಬೇಡಿ, ಅಲರ್ಜಿ ಹುಟ್ಟುವ ಅಪಾಯವಿದೆ.

ಮಾಡಬೇಕಾದದ್ದು ದೊಡ್ಡದೇನಲ್ಲ. ಸ್ನಾನ ಉಗುರುಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಯಲಿ, ಸೋಪು ಕಡಿಮೆಯಾಗಲಿ. ಟವೆಲಿನಿಂದ ಉಜ್ಜದೆ ಒತ್ತಿ, ಮೈ ಇನ್ನೂ ಹಸಿಯಿರುವಾಗಲೇ ವಾಸನೆಯಿಲ್ಲದ ಜೆಲ್ಲಿಯನ್ನೋ ಕ್ರೀಮನ್ನೋ ಧಾರಾಳವಾಗಿ ಹಚ್ಚಿ. ಡಬ್ಬಿ ಬೀರುವಿನಲ್ಲಿ ಬೇಡ, ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿರಲಿ. ಶುರು ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಗ್ಯಾಸ್ ಸಿಲಿಂಡರಿಗೆ ಹಾಕುವುದಿಲ್ಲವೇ, ಹಾಗೆ. ತಿಂಗಳಾದರೂ ತಗ್ಗದಿದ್ದರೆ ಚರ್ಮವೈದ್ಯರಲ್ಲಿಗೆ ಹೋಗಿ. ಕೀವಾದರೆ, ರಸಿ ಸೋರಿದರೆ, ರಾತ್ರಿಯ ನಿದ್ದೆ ಕೆಟ್ಟರೆ ತಿಂಗಳು ಕಾಯಲೂ ಬೇಡಿ. ಅಂಗಡಿಯವನು ಕೊಟ್ಟ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೋಬೆಟಸಾಲ್ ಎಂದಿದೆಯೇ ಎಂದು ಮಕ್ಕಳಿಂದ ಓದಿಸಿ. ಇದ್ದರೆ ಗಲ್ಲಾದ ಮೇಲೇ ಇಟ್ಟು ಬನ್ನಿ.

ಭಾನುವಾರ ಬರುವವರು ಬರಲಿ. ಹುಡುಗಿ ತನ್ನ ಒಣ ಕೆನ್ನೆಯಲ್ಲೇ ಅವರೆದುರು ಕೂರಲಿ. ಒಂದು ತಿಂಗಳು ತಾಳಲಾರದವರ ಮನೆಗೆ ಜೀವಮಾನಕ್ಕೆ ಮಗಳನ್ನು ಕಳಿಸುವುದಾದರೂ ಯಾಕೆ?